ಲ್ಯಾಬ್ ಇದೆ, ಕಲಿಸುವವರು ಎಲ್ಲಿ?

ಮಾನ್ಯ ಸಂಪಾದಕರೇ,

ಶಾಲೆಗಳಲ್ಲಿ ತಂತ್ರಜ್ಞಾನದ ಬಳಕೆ ಕುರಿತು ಚರ್ಚೆ ನಡೆದಾಗಲೆಲ್ಲ ಎರಡು ಬೇರೆ ಬೇರೆ ವಿಷಯಗಳು ಒಂದರೊಳಗೊಂದು ಕಲೆತುಹೋಗುವುದನ್ನು ಕಂಪ್ಯೂಟರ್ ಶಿಕ್ಷಕನಾಗಿ ನಾನು ಗಮನಿಸುತ್ತ ಬಂದಿದ್ದೇನೆ. ಗಣಿತ, ವಿಜ್ಞಾನ, ಭಾಷೆಗಳನ್ನು ಪರದೆಯ ನೆರವಿನಿಂದ ಕಲಿಸುವುದು ಒಂದು ವಿಷಯ. ಕಂಪ್ಯೂಟರ್ ಹೇಗೆ ಕೆಲಸ ಮಾಡುತ್ತದೆ, ಅದರಿಂದ ನಮಗೆ ಬೇಕಾದ ಕೆಲಸ ಮಾಡಿಸುವುದು ಹೇಗೆ ಎಂಬುದನ್ನೇ ಪಾಠವಾಗಿ ಕಲಿಸುವುದು ಇನ್ನೊಂದು. ಮೊದಲನೆಯದಕ್ಕಾಗಿ ಟ್ಯಾಬ್, ಸ್ಮಾರ್ಟ್ ಬೋರ್ಡ್, ಪ್ರೊಜೆಕ್ಟರ್‌ಗಳನ್ನು ತರಿಸಿದ ಕೂಡಲೇ ಎರಡನೆಯದೂ ನಡೆದುಹೋಯಿತೆಂದು ಆಡಳಿತ ಮಂಡಳಿಗಳು ತಿಳಿಯುತ್ತವೆ, ಪೋಷಕರೂ ನಂಬುತ್ತಾರೆ. ಈ ಎರಡರಲ್ಲಿ ಯಾವುದು ಸಫಲವಾಗಬೇಕಾದರೂ ಹಣ ಮತ್ತು ಸಮಯ ಮೊದಲು ಸಲ್ಲಬೇಕಾದದ್ದು ಶಿಕ್ಷಕರ ತರಬೇತಿಗೆ, ಯಂತ್ರಗಳ ಸರದಿ ಆಮೇಲಿನದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಆಧಾರವಾದ ಕೆಲವು ಸಂಗತಿಗಳನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮುಂದಿಡಲು ಬಯಸುತ್ತೇನೆ.

ಯಂತ್ರವೊಂದು ಬಂದು ತರಗತಿಯ ಸ್ವರೂಪವನ್ನೇ ಬದಲಿಸುತ್ತದೆ ಎಂಬ ಭರವಸೆ ಇಂದು ನಿನ್ನೆಯದಲ್ಲ. ಶಾಲೆಗಳಲ್ಲಿ ಪುಸ್ತಕಗಳ ಕಾಲ ಬೇಗನೆ ಮುಗಿಯಲಿದೆ, ಚಲನಚಿತ್ರಗಳ ಮೂಲಕವೇ ಎಲ್ಲ ವಿಷಯಗಳನ್ನೂ ಕಲಿಸಬಹುದು, ಹತ್ತು ವರ್ಷಗಳಲ್ಲಿ ಶಾಲಾ ವ್ಯವಸ್ಥೆ ಸಂಪೂರ್ಣ ಬದಲಾಗುತ್ತದೆ ಎಂದು ಥಾಮಸ್ ಎಡಿಸನ್ 1913ರಲ್ಲೇ ಹೇಳಿದ್ದರು. ರೇಡಿಯೊ ಬಂದಾಗಲೂ ಟಿ.ವಿ. ಬಂದಾಗಲೂ ಹೆಚ್ಚುಕಡಿಮೆ ಇದೇ ಮಾತು ಕೇಳಿಬಂತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಪ್ಲೇಟೊ ಎಂಬ ಕಂಪ್ಯೂಟರ್ ಬೋಧನಾ ವ್ಯವಸ್ಥೆ ಶುರುವಾದ ಮೇಲೆ ಆ ಭರವಸೆ ಕಂಪ್ಯೂಟರಿಗೆ ವರ್ಗಾವಣೆಯಾಯಿತು. ಇವುಗಳಲ್ಲಿ ಯಾವುದೂ ನಿರುಪಯುಕ್ತವಾಗಿರಲಿಲ್ಲ. ಪ್ರತಿಯೊಂದೂ ಶಾಲೆಯೊಳಗೆ ಒಂದು ಸಣ್ಣ ಜಾಗ ಕಂಡುಕೊಂಡಿತು, ಆದರೆ ಶಿಕ್ಷಕರ ಜಾಗ ಯಾವುದಕ್ಕೂ ಸಿಗಲಿಲ್ಲ.

ಈಚಿನ ದಶಕಗಳಲ್ಲಿ ಈ ಭರವಸೆಯನ್ನು ಅತಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೊಡ್ಡಿದ ದೇಶಗಳಲ್ಲಿ ಪೆರು ಒಂದು. ಅಮೆರಿಕದ ಕಂಪ್ಯೂಟರ್ ತಜ್ಞ ನಿಕೊಲಸ್ ನೆಗ್ರೊಪಾಂಟೆ ಅವರು 2005ರಲ್ಲಿ ಪ್ರಕಟಿಸಿದ ‘ಒನ್ ಲ್ಯಾಪ್‌ಟಾಪ್ ಪರ್ ಚೈಲ್ಡ್’ (ಪ್ರತಿ ಮಗುವಿಗೊಂದು ಲ್ಯಾಪ್‌ಟಾಪ್) ಯೋಜನೆಯಡಿ ಆ ದೇಶ ತನ್ನ ಶಾಲೆಗಳಿಗೆ ಎಂಟು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್‌ಗಳನ್ನು ಹಂಚಿತು. ಅಲ್ಲಿನ 319 ಗ್ರಾಮೀಣ ಪ್ರಾಥಮಿಕ ಶಾಲೆಗಳನ್ನು ಅಧ್ಯಯನ ಮಾಡಿ ಇಂಟರ್ ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕ್ 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮಕ್ಕಳ ಕೈಗೆ ಲ್ಯಾಪ್‌ಟಾಪ್ ತಲುಪಿದ್ದೂ ನಿಜ, ಅವರು ಅದನ್ನು ಬಳಸಿದ್ದೂ ನಿಜ, ಆದರೆ ಗಣಿತ ಮತ್ತು ಭಾಷೆಯ ಪರೀಕ್ಷೆಗಳಲ್ಲಿ ಲ್ಯಾಪ್‌ಟಾಪ್ ಪಡೆದ ಶಾಲೆಗಳಿಗೂ ಪಡೆಯದ ಶಾಲೆಗಳಿಗೂ ವ್ಯತ್ಯಾಸ ಕಾಣಲಿಲ್ಲ. ಆ ಯಂತ್ರವನ್ನು ಇಟ್ಟುಕೊಂಡು ನಾಳಿನ ಗಣಿತದ ಪೀರಿಯಡ್‌ನಲ್ಲಿ ಏನು ಮಾಡಬೇಕು ಎಂಬ ಪ್ರಶ್ನೆಗೆ ಶಿಕ್ಷಕರಿಗೆ ಯಾರೂ ಸಮರ್ಪಕ ಉತ್ತರ ಕೊಟ್ಟಿರಲಿಲ್ಲ. 2015ರಲ್ಲಿ ಮುಂದುವರಿದ ದೇಶಗಳ ಆರ್ಥಿಕ ಸಹಕಾರ ಸಂಸ್ಥೆಯಾದ ಒಇಸಿಡಿ, ಹದಿನೈದರ ವಯಸ್ಸಿನ ಮಕ್ಕಳಿಗೆ ತಾನು ಹಲವು ದೇಶಗಳಲ್ಲಿ ನಡೆಸುವ ಪಿಸಾ ಪರೀಕ್ಷೆಯ ಅಂಕಿಅಂಶಗಳನ್ನು ವಿಶ್ಲೇಷಿಸಿದಾಗಲೂ ಶಾಲಾ ಕಂಪ್ಯೂಟರುಗಳಿಗೆ ಭಾರಿ ಹಣ ಹಾಕಿದ ದೇಶಗಳಲ್ಲಿ ಓದು, ಗಣಿತ, ವಿಜ್ಞಾನಗಳ ಫಲಿತಾಂಶ ಗಮನಾರ್ಹವಾಗಿ ಮೇಲೇರಿರಲಿಲ್ಲ. ಕಂಪ್ಯೂಟರನ್ನು ಹಿತಮಿತವಾಗಿ ಬಳಸುವ ಮಕ್ಕಳ ಫಲಿತಾಂಶ ಅಪರೂಪಕ್ಕೆ ಬಳಸುವವರಿಗಿಂತ ಸ್ವಲ್ಪ ಮೇಲಿತ್ತು, ಅತಿಯಾಗಿ ಬಳಸುವವರದ್ದು ಬಹಳ ಕೆಳಗಿತ್ತು.

ಇದನ್ನೆಲ್ಲ ಓದಿ ಪರದೆಗಳನ್ನು ಶಾಲೆಯಿಂದ ಹೊರಗಿಡಬೇಕು ಎಂಬ ತೀರ್ಮಾನಕ್ಕೆ ಯಾರೂ ಬರಬಾರದು. ದೃಷ್ಟಿದೋಷವಿರುವ ಮಗುವಿಗೆ ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಸಾಫ್ಟ್‌ವೇರ್ ಸಿಕ್ಕಿದಾಗ ಆ ಮಗು ಮೊದಲ ಬಾರಿಗೆ ಇನ್ನೊಬ್ಬರ ನೆರವಿಲ್ಲದೆ ಪಠ್ಯ ಓದುವುದನ್ನು ನೋಡಿದ ಶಿಕ್ಷಕರು ತಂತ್ರಜ್ಞಾನವನ್ನು ಹಗುರವಾಗಿ ಕಾಣುವುದಿಲ್ಲ. ದೆಹಲಿಯಲ್ಲಿ ಶಾಲಾ ಅವಧಿಯ ನಂತರದ ಕೇಂದ್ರಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಗುವಿನ ನಿಜವಾದ ಮಟ್ಟವನ್ನು ಮೊದಲು ಅಳೆದು ಅಲ್ಲಿಂದಲೇ ಅಭ್ಯಾಸ ಕೊಡುವ ಸಾಫ್ಟ್‌ವೇರ್ ಬಳಸಿದ ಮಕ್ಕಳು ಸುಮಾರು ನಾಲ್ಕೂವರೆ ತಿಂಗಳಲ್ಲಿ ಗಣಿತ ಮತ್ತು ಹಿಂದಿ ಎರಡರಲ್ಲೂ ಗಣನೀಯ ಪ್ರಗತಿ ತೋರಿದರು. ತಮ್ಮ ತರಗತಿಯ ಮಟ್ಟಕ್ಕಿಂತ ಹಲವು ವರ್ಷ ಹಿಂದುಳಿದಿದ್ದ ಮಕ್ಕಳಿಗೆ ಅವರು ನಿಂತಿದ್ದ ಮೆಟ್ಟಿಲಿನಿಂದಲೇ ಪಾಠ ಶುರುವಾದದ್ದು ಇದಕ್ಕೆ ಮುಖ್ಯ ಕಾರಣ. ಅದೇ ಪಠ್ಯಪುಸ್ತಕವನ್ನು ಹಾಳೆಯಿಂದ ಪರದೆಗೆ ದಾಟಿಸಿದ್ದರೆ ಈ ಫಲ ಸಿಗುತ್ತಿರಲಿಲ್ಲ. ತಂತ್ರಜ್ಞಾನ ಶಿಕ್ಷಣಕ್ಕೆ ಪೂರಕವಾಗಿರಬೇಕು, ಶಿಕ್ಷಕರಿಗೆ ಬದಲಿಯಾಗಬಾರದು ಎಂದು ಯುನೆಸ್ಕೊ ತನ್ನ 2023ರ ಜಾಗತಿಕ ಶಿಕ್ಷಣ ವರದಿಯಲ್ಲಿ ಹೇಳಿದ್ದೂ ಇಂಥ ಅನುಭವಗಳನ್ನು ತೂಗಿ ನೋಡಿದ ಮೇಲೆಯೇ.

ಇನ್ನು ಎರಡನೆಯ ವಿಷಯಕ್ಕೆ, ಅಂದರೆ ನನ್ನ ವೃತ್ತಿಯ ವಿಷಯಕ್ಕೆ ಬರುತ್ತೇನೆ. ಕಂಪ್ಯೂಟರ್ ಪಾಠವೆಂದರೆ ಕಡತ ತೆರೆಯುವುದು, ಅಕ್ಷರಗಳನ್ನು ದಪ್ಪ ಮಾಡುವುದು, ಸ್ಲೈಡ್‌ಗಳಿಗೆ ಬಣ್ಣ ಹಚ್ಚುವುದು ಎಂಬ ಭಾವನೆ ಇನ್ನೂ ಬಹಳ ಕಡೆ ಇದೆ. ಈ ಕೌಶಲಗಳು ಬೇಡವೆಂದಲ್ಲ, ಮಕ್ಕಳು ಅವನ್ನು ಬಳಸುತ್ತ ಬಳಸುತ್ತ ಕಲಿತುಬಿಡುತ್ತಾರೆ, ಮತ್ತು ಸಾಫ್ಟ್‌ವೇರ್ ಬದಲಾದಂತೆ ಅವು ಹಳತಾಗುತ್ತವೆ. ದೊಡ್ಡ ಸಮಸ್ಯೆಯನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆಯುವುದು, ಪ್ರತಿ ಹೆಜ್ಜೆಯನ್ನೂ ಸಂದಿಗ್ಧಕ್ಕೆ ಎಡೆಯಿಲ್ಲದಂತೆ ಬರೆಯುವುದು, ಫಲಿತಾಂಶ ನಿರೀಕ್ಷೆಯಂತೆ ಬರದಿದ್ದಾಗ ತಪ್ಪು ಯಾವ ಸಾಲಿನಲ್ಲಿದೆಯೆಂದು ತಾಳ್ಮೆಯಿಂದ ಹುಡುಕುವುದು, ಇವು ಹಳತಾಗುವುದಿಲ್ಲ.

1967ರಲ್ಲಿ ಸೆಮೋರ್ ಪ್ಯಾಪರ್ಟ್, ವಾಲಿ ಫ್ಯೂರ್ಜೈಗ್, ಸಿಂಥಿಯಾ ಸಾಲೊಮನ್ ಮತ್ತು ಅವರ ಸಹೋದ್ಯೋಗಿಗಳು ಮಕ್ಕಳಿಗಾಗಿಯೇ ಲೋಗೊ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು, ಅಂದರೆ ಕಂಪ್ಯೂಟರಿಗೆ ಸೂಚನೆಗಳನ್ನು ಬರೆಯುವ ಭಾಷೆಯನ್ನು, ರೂಪಿಸಿದರು. ಪರದೆಯ ಮೇಲೆ ಗೆರೆ ಎಳೆಯುತ್ತ ಸಾಗುವ ಆಮೆಯೊಂದು ಅದಕ್ಕೆ ನಂತರ ಸೇರಿತು. ಈ ಆಮೆಯಿಂದ ತ್ರಿಕೋನ ಬರೆಯಿಸುವ ಪಾಠವನ್ನು ನಾನು ಇಂದಿಗೂ ಬಿಟ್ಟಿಲ್ಲ. ಚೌಕ ಬರೆಯಿಸುವುದು ಮಕ್ಕಳಿಗೆ ಸುಲಭ: ನೂರು ಹೆಜ್ಜೆ ಮುಂದೆ, ತೊಂಬತ್ತು ಡಿಗ್ರಿ ಬಲಕ್ಕೆ, ಹೀಗೆ ನಾಲ್ಕು ಸಲ. ಸಮಬಾಹು ತ್ರಿಕೋನ ಕೇಳಿದರೆ ಬಹುತೇಕ ಮಕ್ಕಳು ಗಣಿತದ ಪಾಠವನ್ನು ನೆನೆದು, ಒಳಕೋನ ಅರವತ್ತು ಡಿಗ್ರಿ ಎಂದುಕೊಂಡು, ಪ್ರತಿ ಮೂಲೆಯಲ್ಲೂ ಅರವತ್ತು ಡಿಗ್ರಿ ತಿರುಗಲು ಹೇಳುತ್ತಾರೆ. ಆಮೆ ಮೂರು ಗೆರೆ ಎಳೆದು ನಿಲ್ಲುತ್ತದೆ, ಆಕೃತಿ ಮುಚ್ಚಿಕೊಳ್ಳುವುದಿಲ್ಲ, ಪರದೆಯ ಮೇಲೆ ಅರ್ಧ ಷಟ್ಕೋನ ಕಾಣುತ್ತದೆ. ಕಂಪ್ಯೂಟರ್ ಕೆಟ್ಟಿದೆ ಎಂದು ಕೆಲವರು ದೂರು ಹೇಳುತ್ತಾರೆ, ಕೆಲವರು ಕೈಗೆ ಬಂದ ಸಂಖ್ಯೆಗಳನ್ನೆಲ್ಲ ಹಾಕಿ ನೋಡುತ್ತಾರೆ.

ಶಿಕ್ಷಕರು ಬೇಕಾಗುವುದು ಈ ಗಳಿಗೆಯಲ್ಲಿ. ಉತ್ತರ ನೂರಿಪ್ಪತ್ತು ಎಂದು ಹೇಳಿಬಿಟ್ಟರೆ ತ್ರಿಕೋನ ಬರುತ್ತದೆ, ಪಾಠ ಹೋಗುತ್ತದೆ. ಎದ್ದು ಬಂದು ನೆಲದ ಮೇಲೆ ನೀವೇ ತ್ರಿಕೋನವಾಗಿ ನಡೆಯಿರಿ ಎಂದು ಹೇಳಿದಾಗ, ಮೂಲೆಯಲ್ಲಿ ನಿಂತ ಮಗುವಿಗೆ ತನ್ನ ಮೈ ಅರವತ್ತು ಡಿಗ್ರಿಗಿಂತ ಹೆಚ್ಚು ತಿರುಗುತ್ತಿದೆ ಎಂದು ತಾನಾಗಿಯೇ ಅರಿವಾಗುತ್ತದೆ. ಆಮೆ ತಿರುಗಬೇಕಾದದ್ದು ಒಳಕೋನದಷ್ಟಲ್ಲ, ಹೊರಕೋನದಷ್ಟು ಎಂಬ ಮಾತು ಆಗ ಮಗುವಿನ ಬಾಯಿಂದಲೇ ಬರುತ್ತದೆ. ಅಲ್ಲಿಂದ ಮುಂದೆ ಐದು, ಆರು, ಹತ್ತು ಬಾಹುಗಳ ಆಕೃತಿಗಳಿಗೂ 360ನ್ನು ಬಾಹುಗಳ ಸಂಖ್ಯೆಯಿಂದ ಭಾಗಿಸಿದರೆ ಸಾಕೆಂಬ ಸೂತ್ರವನ್ನು ಆ ತರಗತಿ ತಾನೇ ಕಂಡುಕೊಳ್ಳುತ್ತದೆ. ಯಂತ್ರ ಇಲ್ಲಿ ಮಾಡಿದ್ದು, ಮಗು ಹೇಳಿದ್ದನ್ನು ಹೇಳಿದಂತೆಯೇ ಪಾಲಿಸಿ ತಪ್ಪನ್ನು ಕಣ್ಣಿಗೆ ಕಾಣಿಸಿದ್ದು. ಆ ತಪ್ಪಿನಿಂದ ಮಗುವನ್ನು ಮುಂದಕ್ಕೆ ಕರೆದೊಯ್ದದ್ದು ಶಿಕ್ಷಕರ ಒಂದು ಸೂಚನೆ.

ಇದು ಕೇವಲ ನನ್ನ ಅನುಭವದ ಮಾತಾಗಿದ್ದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಪ್ರೋಗ್ರಾಮಿಂಗ್ ಕಲಿತ ಮಕ್ಕಳ ಆಲೋಚನಾ ಶಕ್ತಿ ತಾನಾಗಿಯೇ ಹರಿತವಾಗುತ್ತದೆ ಎಂಬ ನಂಬಿಕೆ ಎಂಬತ್ತರ ದಶಕದಲ್ಲಿ ಬಲವಾಗಿದ್ದಾಗ, ರಾಯ್ ಪೀ ಮತ್ತು ಮಿಡಿಯನ್ ಕರ್ಲ್ಯಾಂಡ್ ಎಂಬ ಸಂಶೋಧಕರು ಲೋಗೊ ಕಲಿತ ಮಕ್ಕಳನ್ನು ಪರೀಕ್ಷಿಸಿದರು. ಹೆಚ್ಚಿನ ಮಾರ್ಗದರ್ಶನವಿಲ್ಲದೆ ತಾವಾಗಿ ಲೋಗೊ ಕಲಿತ ಮಕ್ಕಳು ಬೇರೆ ಕೆಲಸಗಳನ್ನು ಯೋಜಿಸುವುದರಲ್ಲಿ ಉಳಿದವರಿಗಿಂತ ಮೇಲಾಗಿರಲಿಲ್ಲ ಎಂದು 1984ರ ಸುಮಾರಿಗೆ ಅವರು ವರದಿ ಮಾಡಿದರು. ಆಮೇಲೆ, 1988ರಲ್ಲಿ, ಡೇವಿಡ್ ಕ್ಲಾರ್ ಮತ್ತು ಶರನ್ ಕಾರ್ವರ್ ಪ್ರಕಟಿಸಿದ ಅಧ್ಯಯನದಲ್ಲಿ ಪ್ರೋಗ್ರಾಮಿನ ತಪ್ಪು ಹುಡುಕುವ ಕ್ರಮವನ್ನೇ ಮಕ್ಕಳಿಗೆ ಹೆಜ್ಜೆ ಹೆಜ್ಜೆಯಾಗಿ ಕಲಿಸಲಾಗಿತ್ತು. ಆ ಮಕ್ಕಳು ಕಂಪ್ಯೂಟರಿಗೆ ಸಂಬಂಧಿಸದ ಬೇರೆ ಸೂಚನೆಗಳಲ್ಲಿನ ತಪ್ಪುಗಳನ್ನೂ ಮೊದಲಿಗಿಂತ ಚೆನ್ನಾಗಿ ಹುಡುಕಿದರು. ಭಾಷೆ ಅದೇ ಲೋಗೊ, ಬದಲಾದದ್ದು ಕಲಿಸಿದ ರೀತಿ. ಕೋಡಿಂಗ್ ಕಲಿತರೆ ಬುದ್ಧಿ ಚುರುಕಾಗುತ್ತದೆ ಎಂದು ಜಾಹೀರಾತುಗಳಲ್ಲಿ ಓದಿ ಎಳೆಯ ಮಕ್ಕಳನ್ನು ದುಬಾರಿ ಆನ್‌ಲೈನ್ ತರಗತಿಗಳಿಗೆ ಸೇರಿಸುವ ಪೋಷಕರು ಈ ಎರಡು ಅಧ್ಯಯನಗಳ ನಡುವಿನ ವ್ಯತ್ಯಾಸವನ್ನು ದಯವಿಟ್ಟು ಗಮನಿಸಬೇಕು.

ದೇಶದ ಮಟ್ಟದಲ್ಲಿ ಈ ವಿಷಯವನ್ನು ಶಾಲೆಗೆ ತಂದವರ ಅನುಭವವನ್ನೂ ನೋಡಬಹುದು. ಆಫೀಸ್ ಸಾಫ್ಟ್‌ವೇರ್ ಬಳಕೆಗೆ ಸೀಮಿತವಾಗಿದ್ದ ಶಾಲಾ ಪಾಠ ಮಕ್ಕಳಿಗೆ ಬೇಸರ ತರಿಸುತ್ತಿದೆ ಎಂದು ಬ್ರಿಟನ್ನಿನ ವಿಜ್ಞಾನಿಗಳ ಸಂಸ್ಥೆಯಾದ ರಾಯಲ್ ಸೊಸೈಟಿ 2012ರ ವರದಿಯಲ್ಲಿ ಟೀಕಿಸಿತು. 2014ರ ಸೆಪ್ಟೆಂಬರಿನಿಂದ ಇಂಗ್ಲೆಂಡ್ ಐದು ವರ್ಷದ ಮಕ್ಕಳಿಂದಲೇ ಆರಂಭಿಸಿ ಕಂಪ್ಯೂಟಿಂಗನ್ನು ಪಠ್ಯಕ್ರಮದಲ್ಲಿ ಸೇರಿಸಿತು. ಪಠ್ಯಕ್ರಮ ಒಳ್ಳೆಯದೇ ಆಗಿತ್ತು, ಅದನ್ನು ಕಲಿಸಬೇಕಾದವರಲ್ಲಿ ಅನೇಕರು ಸ್ವತಃ ಒಂದು ಪ್ರೋಗ್ರಾಮನ್ನೂ ಬರೆದವರಾಗಿರಲಿಲ್ಲ. ಮೂರು ವರ್ಷಗಳ ನಂತರ ಅದೇ ರಾಯಲ್ ಸೊಸೈಟಿ ಮತ್ತೆ ಪರಿಶೀಲಿಸಿ, ಪಾಠ ಒಂದೊಂದು ಶಾಲೆಯಲ್ಲಿ ಒಂದೊಂದು ಥರ ನಡೆಯುತ್ತಿದೆ, ಶಿಕ್ಷಕರಿಗೆ ಬೆಂಬಲ ಸಾಲದು ಎಂದು ಹೇಳಿತು. ಆಮೇಲೆ ಸರ್ಕಾರ ಸುಮಾರು 8.4 ಕೋಟಿ ಪೌಂಡ್ ತೆಗೆದಿಟ್ಟು, 2018ರಲ್ಲಿ ಕಂಪ್ಯೂಟಿಂಗ್ ಶಿಕ್ಷಣಕ್ಕೆಂದೇ ರಾಷ್ಟ್ರೀಯ ಕೇಂದ್ರ ಸ್ಥಾಪಿಸಿ, 8,000 ಶಿಕ್ಷಕರನ್ನು ತರಬೇತುಗೊಳಿಸುವ ಗುರಿ ಹಾಕಿಕೊಂಡಿತು. ಇದೇ ಕೆಲಸ ನಾಲ್ಕು ವರ್ಷ ಮೊದಲೇ ಆಗಿದ್ದರೆ, ನಡುವಿನ ವರ್ಷಗಳಲ್ಲಿ ಶಾಲೆಯಲ್ಲಿದ್ದ ಮಕ್ಕಳಿಗೆ ಅದರ ಪ್ರಯೋಜನ ಸಿಗುತ್ತಿತ್ತು. ಅಲ್ಲಿ ಹದಿನಾರರ ವಯಸ್ಸಿನ ಕಂಪ್ಯೂಟರ್ ವಿಜ್ಞಾನ ಪರೀಕ್ಷೆಗೆ ಕೂರುವವರಲ್ಲಿ ಹುಡುಗಿಯರು ಇಂದಿಗೂ ಐವರಲ್ಲಿ ಒಬ್ಬರಷ್ಟೇ ಇದ್ದಾರೆ ಎಂಬುದು ಇನ್ನೊಂದು ಚಿಂತೆಯ ಸಂಗತಿ.

ಈ ಚಿಂತೆ ದೂರದ ದೇಶದ್ದೆಂದು ಯಾರೂ ತಳ್ಳಿಹಾಕಬಾರದು. ಒಂದು ಕಂಪ್ಯೂಟರಿನ ಮುಂದೆ ನಾಲ್ವರು ಮಕ್ಕಳು ಕೂತಿರುವ ಯಾವುದೇ ಲ್ಯಾಬಿಗೆ ಹೋಗಿ ಮೌಸ್ ಯಾರ ಕೈಯಲ್ಲಿದೆ ಎಂದು ಹತ್ತು ನಿಮಿಷ ನೋಡಿದರೆ ಸಾಕು. ಮನೆಯಲ್ಲಿ ಕಂಪ್ಯೂಟರ್ ಇರುವ ಮಗು, ಹೆಚ್ಚಾಗಿ ಹುಡುಗ, ಮೌಸ್ ಹಿಡಿದಿರುತ್ತಾನೆ. ಉಳಿದವರು ನೋಡುತ್ತಿರುತ್ತಾರೆ, ಕೊನೆಯವಳಿಗೆ ನೋಡಲೂ ಸರಿಯಾಗಿ ಕಾಣುವುದಿಲ್ಲ. ಪ್ರತಿ ಐದು ನಿಮಿಷಕ್ಕೊಮ್ಮೆ ಜಾಗ ಬದಲಿಸಿ, ಮೌಸ್ ಹಿಡಿದವರು ಮಾತಾಡಬಾರದು, ಪಕ್ಕದವರು ಹೇಳಿದ್ದನ್ನಷ್ಟೇ ಮಾಡಬೇಕು ಎಂದು ನಿಯಮ ಮಾಡಿದರೆ ಹಿಂದೆ ಕೂತವರ ದನಿ ಹೊರಬರುತ್ತದೆ. ಇದಕ್ಕೆ ಹೊಸ ಯಂತ್ರ ಬೇಕಿಲ್ಲ, ಇಂಥದ್ದೊಂದು ನಿಯಮ ಬೇಕೆಂದು ತಿಳಿದ ಶಿಕ್ಷಕರು ಬೇಕು.

ಯಂತ್ರವೇ ಇಲ್ಲದ ಶಾಲೆಯಲ್ಲೂ ಈ ವಿಷಯವನ್ನು ಗಂಭೀರವಾಗಿ ಕಲಿಸಬಹುದು ಎಂಬುದು ಎಷ್ಟೋ ಜನರಿಗೆ ತಿಳಿದಿಲ್ಲ. ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಅವರ ಸಹೋದ್ಯೋಗಿಗಳು ತೊಂಬತ್ತರ ದಶಕದಲ್ಲಿ ಇದಕ್ಕೆಂದೇ ಚಟುವಟಿಕೆಗಳನ್ನು ರೂಪಿಸಿದ್ದಾರೆ. ಐದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎಡದಿಂದ ಬಲಕ್ಕೆ ಹದಿನಾರು, ಎಂಟು, ನಾಲ್ಕು, ಎರಡು, ಒಂದು ಚುಕ್ಕಿಗಳಿರುವ ಕಾರ್ಡ್‌ಗಳನ್ನು ಕೊಡಬೇಕು. ಇಪ್ಪತ್ತೊಂದು ಚುಕ್ಕಿಗಳು ಕಾಣುವಂತೆ ಮಾಡಿ ಎಂದರೆ, ಯಾರು ಕಾರ್ಡ್ ತೋರಿಸಬೇಕು, ಯಾರು ಹಿಂದೆ ತಿರುಗಿಸಬೇಕು ಎಂದು ಇಡೀ ತರಗತಿ ಸೇರಿ ಲೆಕ್ಕ ಹಾಕುತ್ತದೆ. ಹದಿನಾರು, ನಾಲ್ಕು, ಒಂದು ತೋರುತ್ತವೆ, ಉಳಿದೆರಡು ಮರೆಯಾಗುತ್ತವೆ. ತೋರಿದ ಕಡೆ ಒಂದು, ಮರೆಯಾದ ಕಡೆ ಸೊನ್ನೆ ಬರೆದರೆ 10101 ಎಂಬ ದ್ವಿಮಾನ ಸಂಖ್ಯೆ ಬೋರ್ಡಿನ ಮೇಲೆ ಮೂಡುತ್ತದೆ. ಆರನೆಯ ಮಗು ಬಂದರೆ ಅವಳ ಕಾರ್ಡಿನಲ್ಲಿ ಎಷ್ಟು ಚುಕ್ಕಿ ಇರಬೇಕು ಎಂದು ಕೇಳುವ ಮೊದಲೇ ಮೂವತ್ತೆರಡು ಎಂಬ ಕೂಗು ಕೇಳಿಸುತ್ತದೆ. ಕಂಪ್ಯೂಟರ್ ಎಲ್ಲವನ್ನೂ ಸೊನ್ನೆ ಮತ್ತು ಒಂದರಲ್ಲಿ ಇಟ್ಟುಕೊಳ್ಳುತ್ತದೆ ಎಂಬ ವಾಕ್ಯವನ್ನು ಉರುಹೊಡೆದ ಮಗುವಿಗೂ ಈ ಸಾಲಿನಲ್ಲಿ ನಿಂತ ಮಗುವಿಗೂ ಇರುವ ಅಂತರ ದೊಡ್ಡದು. ಯಂತ್ರಗಳಿರುವ ಕಡೆಯೂ ಮಕ್ಕಳು ತಮ್ಮ ಮನೆಮಾತಿನಲ್ಲೇ ಆರಂಭಿಸುವುದು ಸಾಧ್ಯವಿದೆ. ಅಮೆರಿಕದ ಎಂಐಟಿ ವಿದ್ಯಾಸಂಸ್ಥೆ 2007ರಲ್ಲಿ ಹೊರತಂದ, ಮಕ್ಕಳು ಪ್ರೋಗ್ರಾಂ ಬರೆಯಲು ಬಳಸುವ ಸ್ಕ್ರ್ಯಾಚ್ ಎಂಬ ಸಾಫ್ಟ್‌ವೇರ್ ಉಚಿತವಾಗಿಯೂ ಹತ್ತಾರು ಭಾಷೆಗಳಲ್ಲೂ ಸಿಗುತ್ತದೆ.

ಇಂಥ ಪಾಠಗಳಿಗೆಲ್ಲ ಕೃತಕ ಬುದ್ಧಿಮತ್ತೆ ಬಂದ ಮೇಲೆ ಅರ್ಥವಿಲ್ಲ, ಪ್ರೋಗ್ರಾಂ ಬರೆಯುವ ಕೆಲಸವನ್ನು ಅದೇ ಮಾಡುತ್ತದೆ ಎಂದು ಈಗ ಅನೇಕರು ವಾದಿಸುತ್ತಾರೆ. ಈ ವಾದವನ್ನು ನಾನು ಒಪ್ಪುವುದಿಲ್ಲ. ತಾನು ಓದಿ ಪರಿಶೀಲಿಸಲಾರದ ಪ್ರೋಗ್ರಾಮನ್ನು ಯಂತ್ರದಿಂದ ಬರೆಸಿಕೊಂಡ ವಿದ್ಯಾರ್ಥಿ ಅದರ ತಪ್ಪಿಗೂ ಸರಿಗೂ ಸಮಾನವಾಗಿ ತಲೆಯಾಡಿಸಬೇಕಾಗುತ್ತದೆ. ಟರ್ಕಿಯ ಪ್ರೌಢಶಾಲೆಯೊಂದರ ಸುಮಾರು ಸಾವಿರ ವಿದ್ಯಾರ್ಥಿಗಳೊಂದಿಗೆ ಗಣಿತದಲ್ಲಿ ನಡೆದ ಪ್ರಯೋಗವೊಂದು ಇಲ್ಲಿ ಬಹಳ ಪ್ರಸ್ತುತ. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಚಾಟ್ ಸಾಧನವನ್ನು ಬಳಸಿದ ಮಕ್ಕಳು ಅಭ್ಯಾಸದ ಲೆಕ್ಕಗಳಲ್ಲಿ ಶೇ 48ರಷ್ಟು ಹೆಚ್ಚು ಸಾಧಿಸಿದರು. ಸಾಧನವನ್ನು ತೆಗೆದು ಪರೀಕ್ಷೆ ಕೊಟ್ಟಾಗ, ಅದನ್ನು ನೋಡಿಯೇ ಇರದ ಮಕ್ಕಳಿಗಿಂತ ಶೇ 17ರಷ್ಟು ಹಿಂದೆ ಬಿದ್ದರು. ಅದೇ ಸಾಧನವನ್ನು ನೇರ ಉತ್ತರ ಕೊಡದೆ, ಶಿಕ್ಷಕರು ರೂಪಿಸಿದ ಸುಳಿವುಗಳನ್ನಷ್ಟೇ ಕೊಡುವಂತೆ ಮಾರ್ಪಡಿಸಿ ಬಳಸಿದ ಮಕ್ಕಳಲ್ಲಿ ಈ ಹಾನಿ ಬಹುಮಟ್ಟಿಗೆ ಕಾಣಲಿಲ್ಲ. ಯಾವ ತಪ್ಪಿಗೆ ಯಾವ ಸುಳಿವು ಕೊಡಬೇಕೆಂದು ಬಲ್ಲವರು ಆ ಸಾಧನದ ಹಿಂದೆ ಇದ್ದುದೇ ವ್ಯತ್ಯಾಸಕ್ಕೆ ಕಾರಣ.

ಶಾಲೆಗಳು ಆ್ಯಪ್‌ಗಳನ್ನು ಒಪ್ಪಿಕೊಳ್ಳುವ ಮುನ್ನ ಕೇಳಲೇಬೇಕಾದ ಪ್ರಶ್ನೆ ಇನ್ನೊಂದಿದೆ. ಕೋವಿಡ್ ಅವಧಿಯಲ್ಲಿ 49 ದೇಶಗಳ ಸರ್ಕಾರಗಳು ಶಿಫಾರಸು ಮಾಡಿದ 160ಕ್ಕೂ ಹೆಚ್ಚು ಕಲಿಕಾ ಆ್ಯಪ್ ಮತ್ತು ಜಾಲತಾಣಗಳನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಪರಿಶೀಲಿಸಿ 2022ರಲ್ಲಿ ವರದಿ ಪ್ರಕಟಿಸಿತು. ಹತ್ತರಲ್ಲಿ ಸುಮಾರು ಒಂಬತ್ತು, ಮಕ್ಕಳ ಮಾಹಿತಿಯನ್ನು ಅವರ ಹಕ್ಕುಗಳಿಗೆ ಧಕ್ಕೆಯಾಗುವಂತೆ ಅಥವಾ ಧಕ್ಕೆಯಾಗಬಹುದಾದಂತೆ ನಿರ್ವಹಿಸುತ್ತಿದ್ದವು. ಮಗುವಿನ ಹೆಸರು, ಇರುವ ಜಾಗ, ಪರದೆಯ ಮೇಲೆ ಅದು ಮಾಡಿದ್ದು ಯಾರ ಕೈ ಸೇರುತ್ತದೆ ಎಂಬುದನ್ನು ಬರಹದಲ್ಲಿ ತಿಳಿಸದ ಯಾವುದೇ ಆ್ಯಪನ್ನು ಶಾಲೆ ಕಡ್ಡಾಯ ಮಾಡಬಾರದು.

ಆದ್ದರಿಂದ ಶಿಕ್ಷಣ ಇಲಾಖೆಯವರಲ್ಲಿಯೂ ಶಾಲಾ ಆಡಳಿತ ಮಂಡಳಿಗಳಲ್ಲಿಯೂ ನನ್ನ ವಿನಂತಿ ಇಷ್ಟು. ಶಾಲೆಗೆ ಯಂತ್ರ ಕೊಳ್ಳುವ ಪ್ರತಿ ಯೋಜನೆಯಲ್ಲಿ ಅದನ್ನು ಯಾರು ಬಳಸಿ ಕಲಿಸುತ್ತಾರೆ, ಅವರಿಗೆ ಎಷ್ಟು ದಿನದ ತರಬೇತಿ, ಯಂತ್ರ ಕೆಟ್ಟಾಗ ಯಾರು ಸರಿಮಾಡುತ್ತಾರೆ ಎಂಬುದನ್ನು ಖರೀದಿಗೆ ಮುನ್ನವೇ ಬರೆದು ಪ್ರಕಟಿಸಬೇಕು. ತರಬೇತಿಯೆಂದರೆ ಕಂಪನಿಯವರು ಬಂದು ಬಟನ್‌ಗಳನ್ನು ತೋರಿಸಿ ಹೋಗುವ ಒಂದು ಮಧ್ಯಾಹ್ನವಲ್ಲ. ಶಿಕ್ಷಕರು ತಾವೇ ಪ್ರೋಗ್ರಾಂ ಬರೆದು, ತಾವೇ ತಪ್ಪು ಮಾಡಿ, ತಮ್ಮ ತರಗತಿಯಲ್ಲಿ ಪಾಠ ಮಾಡಿ ನೋಡಿ, ಮತ್ತೆ ಸೇರಿ ಚರ್ಚಿಸುವಷ್ಟು ಕಾಲಾವಕಾಶ ಅದಕ್ಕೆ ಬೇಕು. ಬೇರೆ ವಿಷಯದ ಶಿಕ್ಷಕರಿಗೆ ಉಳಿದ ಪೀರಿಯಡ್ ತುಂಬಿಸಲೆಂದು ಕಂಪ್ಯೂಟರ್ ಪಾಠವನ್ನು ಹಂಚುವ ಪದ್ಧತಿಯೂ ನಿಲ್ಲಬೇಕು.

ಇದರ ಜೊತೆಗೆ ಪ್ರಶ್ನೆಪತ್ರಿಕೆ ಬದಲಾಗದಿದ್ದರೆ ತರಗತಿ ಬದಲಾಗುವುದಿಲ್ಲ. ಕಂಪ್ಯೂಟರಿನ ಪಿತಾಮಹ ಯಾರು, ಸಿಪಿಯು ಎಂಬುದರ ಪೂರ್ಣ ರೂಪವೇನು, ಇನ್‌ಪುಟ್ ಸಾಧನಗಳನ್ನು ಹೆಸರಿಸಿ ಎಂಬ ಪ್ರಶ್ನೆಗಳಿಗೇ ಅಂಕಗಳು ಮೀಸಲಾಗಿರುವವರೆಗೆ ಮಕ್ಕಳು ಅವನ್ನೇ ಉರುಹೊಡೆಯುತ್ತಾರೆ, ಶಿಕ್ಷಕರೂ ಅವನ್ನೇ ಹೇಳಿಕೊಡುತ್ತಾರೆ. ಅದರ ಬದಲು ಎಂಟು ಸಾಲಿನ ಪ್ರೋಗ್ರಾಮನ್ನು ಸಾಲುಗಳು ಹಿಂದುಮುಂದಾಗಿರುವಂತೆ ಅಚ್ಚು ಹಾಕಿ ಸರಿಯಾದ ಕ್ರಮದಲ್ಲಿ ಬರೆಯಲು ಹೇಳಬಹುದು. ಒಂದು ತಪ್ಪಿರುವ ಪ್ರೋಗ್ರಾಂ ಕೊಟ್ಟು, ಅದು ಈಗ ಏನು ಮಾಡುತ್ತದೆ, ಏನು ಮಾಡಬೇಕಿತ್ತು, ಯಾವ ಸಾಲನ್ನು ತಿದ್ದಬೇಕು ಎಂದು ಕೇಳಬಹುದು. ಇವೆರಡನ್ನೂ ಕಾಗದ, ಪೆನ್ಸಿಲ್‌ಗಳಿಂದಲೇ ಬರೆಯಬಹುದಾದ್ದರಿಂದ ಲ್ಯಾಬ್ ಇಲ್ಲದ ಶಾಲೆಯ ಮಕ್ಕಳಿಗೂ ಅನ್ಯಾಯವಾಗುವುದಿಲ್ಲ. ಮುಂದಿನ ಶೈಕ್ಷಣಿಕ ವರ್ಷದ ಪ್ರಶ್ನೆಪತ್ರಿಕೆಗಳ ಮಾದರಿಯನ್ನು ಸಿದ್ಧಪಡಿಸುವಾಗ ಇಂಥ ಪ್ರಶ್ನೆಗಳಿಗೆ ಕನಿಷ್ಠ ಅರ್ಧದಷ್ಟು ಅಂಕ ನಿಗದಿಪಡಿಸಬೇಕೆಂದು, ಮಾದರಿ ಪ್ರಶ್ನೆಗಳನ್ನು ವರ್ಷದ ಆರಂಭದಲ್ಲೇ ಎಲ್ಲ ಶಾಲೆಗಳಿಗೆ ತಲುಪಿಸಬೇಕೆಂದು ಸಂಬಂಧಪಟ್ಟವರಲ್ಲಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕಂಪ್ಯೂಟರ್ ಶಿಕ್ಷಕ